ಹನ್ನೆರಡು ಸೆಕೆಂಡಿನ ನಡಿಗೆ

ಬಚ್ಚಲಲ್ಲಿ ನಾನು ಒಮ್ಮೆ ಜಾರಿದ್ದು ನಿಜ. ಆದರೆ ಬಿದ್ದದ್ದು ನಾನಲ್ಲ, ಬಕೆಟ್ಟು. ಆ ಸದ್ದಿಗೆ ಓಡಿಬಂದ ಮಗ ಅಂದೇ ಮುಂಬಾಗಿಲಿನ ಕೀಯನ್ನು ನನ್ನಿಂದ ಕಿತ್ತುಕೊಂಡ. ಮೂವತ್ತೆಂಟು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದ ಕಂಡಕ್ಟರ್ ನಾನು. ಈಗ ಬೀದಿ ತುದಿಯ ಕ್ಷೌರದಂಗಡಿಗೂ ಒಬ್ಬನೇ ಹೋಗುವಂತಿಲ್ಲ.

“ಆಸ್ಪತ್ರೆಯ ನಡಿಗೆ ಪರೀಕ್ಷೇಲಿ ಪಾಸಾಗಿ, ಕೀ ಕೊಡ್ತೀನಿ,” ಎಂದ ಮಗ. ಇವನ ಮಾರ್ಕ್ಸ್ ಕಾರ್ಡಿಗೆ ನಾನು ಎಷ್ಟು ಸಲ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದೇನೆಂಬುದು ಇವನಿಗೆ ಮರೆತೇ ಹೋಗಿದೆ.

ಆಸ್ಪತ್ರೆಯಲ್ಲಿ ಅದು ಬೀಳುವ ಭಯವಿರುವ ವೃದ್ಧರಿಗೆಂದೇ ತೆರೆದ ವಿಭಾಗ. ವೃದ್ಧರು ಇಪ್ಪತ್ತು, ಕುರ್ಚಿ ಆರು. ಉಳಿದವರು ಗೋಡೆಗೆ ಆತುಕೊಂಡು ನಿಂತಿದ್ದರು. ಪರೀಕ್ಷೆಯೂ ಅದೇ ಕೋಣೆಯ ಮೂಲೆಯಲ್ಲಿ.

“ಅಜ್ಜಾ, ಈ ಕುರ್ಚಿಯಿಂದ ಎದ್ದು ಆ ಹಳದಿ ಪಟ್ಟಿ ತನಕ ನಡೀರಿ, ತಿರುಗಿ ಬಂದು ಕೂತ್ಕೊಳ್ಳಿ. ಹನ್ನೆರಡು ಸೆಕೆಂಡಿನೊಳಗೆ,” ಎಂದಳು ಫಿಸಿಯೋಥೆರಪಿಯ ಹುಡುಗಿ. “ನೀವು ಕೂತ ಮೇಲೇನೇ ನಾನು ವಾಚ್ ನಿಲ್ಸೋದು.”

ಎದ್ದೆ, ನಡೆದೆ, ತಿರುಗಿ ಬಂದೆ. ಕುರ್ಚಿಯ ಪಕ್ಕದಲ್ಲೇ ಕೋಲು ಹಿಡಿದ ಮುದುಕಿಯೊಬ್ಬಳು ನಡುಗುತ್ತ ನಿಂತಿದ್ದಳು. ನನ್ನ ಬಾಯಿ ತಾನಾಗಿ ಹೇಳಿತು, “ಕೂತ್ಕೊಳ್ಳಿ ಅಮ್ಮಾ.” ಆಕೆ ಕೂತೇಬಿಟ್ಟಳು.

“ಅಜ್ಜಾ, ಟೈಮ್ ಓಡ್ತಿದೆ, ಕೂತ್ಕೊಳ್ಳಿ!”

“ಎಲ್ಲಮ್ಮಾ ಕೂರ್ಲಿ? ಇನ್ನೊಂದ್ಸಲ ನಡೀಲಾ?”

“ದಿನಕ್ಕೆ ಒಂದೇ ಸಲ. ರೂಲ್ಸು.”

“ಅವರನ್ನ ಎಬ್ಬಿಸಿ ಅಪ್ಪಾ, ಒಂದೇ ನಿಮಿಷ,” ಎಂದು ಮಗ ಪಿಸುಗುಟ್ಟಿದ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಕೂತ ಮುದುಕಿಯನ್ನು ಎಬ್ಬಿಸುವ ಕೆಲಸವನ್ನು ನಾನು ಸರ್ವೀಸಿನಲ್ಲಿ ಒಂದು ದಿನವೂ ಮಾಡಿದವನಲ್ಲ. ಕೈಕಟ್ಟಿ ನಿಂತೇ ಇದ್ದೆ.

ಹುಡುಗಿ ವರದಿ ಬರೆದಳು: ‘ಕುಳಿತುಕೊಳ್ಳಲು ಅಸಮರ್ಥರು. ಕಾಲು ಅಗಲಿಸಿ ನಡೆಯುತ್ತಾರೆ. ಬೀಳುವ ಅಪಾಯ ಹೆಚ್ಚು. ಆರು ತಿಂಗಳ ನಂತರ ಮರುಪರೀಕ್ಷೆ.’

ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ನಾನು ಎಂದಿನಂತೆ ಕಾಲು ಅಗಲಿಸಿ ನಿಂತೆ. ಮಗ ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ನನ್ನ ತೋಳನ್ನೂ ಹಿಡಿದಿದ್ದ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಮಗನ ಎರಡು ಕೈಯೂ ತಪ್ಪಿ, ಎಂಬತ್ತೈದು ಕಿಲೋದ ಆ ದೇಹ ಪೂರ್ತಿ ನನ್ನ ಮೇಲೆ ಬಂತು. ಕಾಲರ್ ಹಿಡಿದು ನಿಲ್ಲಿಸಿದೆ. ನಾನು ಒಂದು ಹೆಜ್ಜೆಯೂ ಕದಲಲಿಲ್ಲ.

ಮಗ ಉಸಿರು ಸುಧಾರಿಸಿಕೊಂಡು, ಕೀ ಇದ್ದ ಜೇಬನ್ನು ಮುಟ್ಟಿ ನೋಡಿಕೊಂಡ.

“ನೋಡಿದ್ರಾ ಅಪ್ಪಾ,” ಎಂದ, “ನಿಮ್ಮೊಬ್ಬರನ್ನೇ ಕಳಿಸಿದ್ದಿದ್ರೆ ಏನ್ ಗತಿ ಆಗ್ತಿತ್ತು?”