ವಾರಂಟಿ ಮತ್ತ ಅರಿಷಿಣದ ಡಬ್ಬಿ

ಸಿಟ್ಟು ನನ್ನ ಮೂಗಿನ ತುದಿ ಮ್ಯಾಲ ಇರ್ತೈತಿ ಅಂತ ಇಡೀ ಉಗರಗೋಳಕ್ಕ ಗೊತ್ತೈತಿ, ನನಗೂ ಗೊತ್ತೈತಿ. ಅದಕ್ಕ ಮೊದಲ ಹೇಳಿಬಿಡ್ತೇನಿ. ಒಂದು ಹಳೇ ಕಾರಿನ ವಾರಂಟಿ ಸಲುವಾಗಿ ನಾ ಹದಿನೈದು ದಿನದಾಗ ಮೂರು ಮಂದಿ ಕೂಡ ಜಗಳಾ ತಗದೇನಿ. ಅದರಾಗ ಇಬ್ಬರದು ಏನೂ ತಪ್ಪಿರಲಿಲ್ಲ.

ನನ್ನ ಹೆಸರು ಕೆಂಚವ್ವ. ಖಡಕ್ ರೊಟ್ಟಿ ಮಾಡಿ ಹೊಟೇಲಿಗೆ ಕೊಡೂದು ನನ್ನ ಉದ್ಯೋಗ. ನನ್ನ ಕೂಡ ಆರು ಮಂದಿ ಹೆಣ್ಣಮಕ್ಕಳು ರೊಟ್ಟಿ ಬಡಿಯಾಕ ಬರ್ತಾರ. ನಮ್ಮ ಮನಿಯವರು ಮಹಾಂತಪ್ಪ ಅಂತ, ಎಲ್ಲವ್ವನ ಗುಡ್ಡಕ್ಕ ಹೋಗೂ ದಾರ್ಯಾಗ ಕಾಯಿ, ಕರ್ಪೂರ, ದೇವಿಗೆ ಹಾರಸೂ ಹಳದಿ ಭಂಡಾರದ ಅಂಗಡಿ ಇಟ್ಟಾರ. ಮೂವತ್ತು ವರ್ಷ ಆತು ಲಗ್ನ ಆಗಿ, ಅವರು ಮಾತಾಡಿದ್ದನ್ನೆಲ್ಲಾ ಒಂದ ಕಡೆ ಕೂಡಿಸಿದ್ರ ನಾ ಒಂದ ದಿನಾ ಮಾತಾಡಿದಷ್ಟು ಆಗೂದಿಲ್ಲ.

ಖಡಕ್ ರೊಟ್ಟಿ ಬಸ್ಸಿನಾಗ ಒಯ್ಯೂ ಮಾಲಲ್ಲ. ಹಪ್ಪಳದಂಗ ತೆಳ್ಳಗ ಇರ್ತಾವ, ಯಾರರ ಮೊಣಕೈ ತಾಗಿಸಿದ್ರ ಪುಡಿಪುಡಿ. ರಾಮದುರ್ಗದ ಎರಡು ಖಾನಾವಳಿ ಇದ ಕಾರಣಕ್ಕ ಕೈಬಿಟ್ಟು ಹೋದ್ವು. ಉಳದದ್ದು ದೊಡ್ಡ ಗಿರಾಕಿ ಒಂದ, ಕಿತ್ತೂರ ಹೈವೇ ಮ್ಯಾಲಿನ ಉಳವಪ್ಪನ ಹೊಟೇಲು. ದಿನಾ ಆರ್ನೂರು ರೊಟ್ಟಿ. ಎರಡ ಸರ್ತಿ ಮುರಕ ಮಾಲು ಹೋದಮ್ಯಾಲ ಉಳವಪ್ಪ ಕರದು ಕುಂದರಿಸಿ, ಚಾ ಕೊಟ್ಟು, ಭಾಳ ಮರ್ಯಾದಿಲೆ ಹೇಳಿದಾ, ಇನ್ನೊಮ್ಮಿ ಮುರದು ಬಂದ್ರ, ಇಲ್ಲಾ ಹನ್ನೊಂದು ಗಂಟೆ ದಾಟಿ ಬಂದ್ರ, ಬ್ಯಾರೆ ಕಡೆ ನೋಡ್ಕೋತೇನಿ ಅಂತ. ಅವನು ಬಿಟ್ರ ಆರು ಮಂದ್ಯಾಗ ನಾಕು ಮಂದಿಗೆ ನಾಳಿಂದ ಬರಬ್ಯಾಡ್ರಿ ಅಂತ ನಾನ ಹೇಳಬೇಕಾಗತಿತ್ತು. ಆ ಮಾತು ಹೇಳೂ ಬಾಯಿ ನನ್ನ ಕಡೆ ಇಲ್ಲ, ಎಷ್ಟ ಜೋರಿದ್ರೂ.

ಅದಕ್ಕ ಐವತ್ತೆರಡನೇ ವಯಸ್ಸಿನ್ಯಾಗ ಗಾಡಿ ಕಲತೆ. ಲೈಸನ್ಸ ಬಂತು. ಬೈಲಹೊಂಗಲದಾಗ ಹಳೇ ಕಾರು ಮಾರೂ ಅಂಗಡಿಗೆ ಹೋಗಿ ಎಂಟ ವರ್ಷದ ಒಂದು ಬಿಳೀ ಕಾರು ಆರಿಸಿದೆ. ಕೂಡ ನಮ್ಮ ಮನಿಯವರು ಬಂದಿದ್ರು, ಸವದತ್ಯಾಗ ಇರೂ ನನ್ನ ಮೈದುನ ವಿರೂಪಾಕ್ಷನೂ ಕರೀದನ ಬಂದಿದ್ದ. ಅವಂಗ ತಿಳೀಲಾರದ ವಿಷಯ ಭೂಮಿ ಮ್ಯಾಲ ಇಲ್ಲ.

ರೊಕ್ಕ ಕೊಟ್ಟು ಕಾಗದಕ್ಕ ಸಹಿ ಮಾಡೂಹೊತ್ತಿಗೆ ಅಂಗಡಿ ಹುಡುಗ ಸಚಿನ ಇನ್ನೊಂದು ಕಾಗದ ಮುಂದ ಸರಿಸಿದಾ. ಎರಡು ವರ್ಷದ ವಾರಂಟಿ, ಹದಿನೆಂಟು ಸಾವಿರ. ಬೇಕಂದ್ರ ಹದಿನೈದು ದಿನದಾಗ ತಗೋಬೇಕು, ಆಮ್ಯಾಲ ಕೇಳಿದ್ರ ಸಿಗೂದಿಲ್ಲ. ವಿರೂಪಾಕ್ಷ ಕುರ್ಚಿ ಮುಂದ ಎಳಕೊಂಡು, ವೈನಿ, ಹಳೇ ಗಾಡಿ, ಮ್ಯಾಲ ಹೆಣ್ಣಮಕ್ಕಳ ಕೈಯಾಗ ಇರೂದು, ಕಣ್ಣಮುಚ್ಚಿ ತಗೋರಿ ಅಂದ. ಆ 'ಹೆಣ್ಣಮಕ್ಕಳ ಕೈಯಾಗ' ಅನ್ನೂ ಮಾತಿಗೆ ನನ್ನ ಮೈಯೆಲ್ಲಾ ಉರೀತು. ನಾ ಬಾಯಿ ತಗಿಯೂದ್ರಾಗ ನಮ್ಮ ಮನಿಯವರು, ಅಲ್ಲೀತನಾ ಸುಮ್ಮನ ಕುಂತಾವ್ರು, ಸಚಿನನ್ನ ಕೇಳಿದ್ರು:

"ಒಳಗ ಕುಂತಾಕಿಗೆ ಏನರ ಆದ್ರ ಈ ವಾರಂಟ್ಯಾಗ ಬರ್ತೈತೇನಪಾ?"

ಅಂಗಡ್ಯಾಗ ಇದ್ದಾವರೆಲ್ಲಾ ನಕ್ಕರು. ಸಚಿನ, ಪಾಪ, ನಗು ತಡಕೊಂಡು, ಅದಕ್ಕ ಇನ್ಶೂರನ್ಸ್ ಬ್ಯಾರೆ ಇರ್ತೈತ್ರಿ ಕಾಕಾ, ಇದು ಬರೇ ಮಶೀನಿಗೆ ಅಂತ ತಿಳಿಸಿ ಹೇಳಿದಾ. ನನಗ ಮಾರಿ ಎಲ್ಲಿ ಇಟ್ಟಕೊಳ್ಳಲಿ ಅನಿಸ್ತು. ಗಾಡಿ ತರೂ ದಿನಾನ ನಾ ಎಲ್ಯೋ ಹೋಗಿ ಗುದ್ದಿ ಸಾಯ್ತೇನಿ ಅಂತ ಹತ್ತು ಮಂದಿ ಮುಂದ ಅಂದಂಗ ಆತಲ್ಲ. ದಾರ್ಯಾಗ ಬೈಲಹೊಂಗಲದಿಂದ ಸವದತ್ತಿತನಾ ಅವರನ್ನ ಬೈಕೋತ ಬಂದೆ. ಅವರು ಮ್ಯಾಲಿನ ಹಿಡಿಕಿ ಎರಡೂ ಕೈಲೆ ಹಿಡಕೊಂಡು, ರಸ್ತೆ ನೋಡಕೋತ ಕುಂತಿದ್ರು. ಮನಿ ಮುಟ್ಟಿದ ಮ್ಯಾಲ ಇಳದು, ವಾರಂಟಿ ತಗೋ ಅಂದ್ರು. ಅಷ್ಟ. ಆಮ್ಯಾಲ ಆ ಗಾಡಿ ಹತ್ತಲೇ ಇಲ್ಲ.

ಮರುದಿನ ಅಂಗಡಿಯಿಂದ ಭಂಡಾರ ತಂದು ಗಾಡಿಗೆ ಹಾರಸಾಕ ನಿಂತ್ರು. ನಮ್ಮ ಕಡೆ ಯಾವ ಗಾಡಿ ಬಂದ್ರೂ ಎಲ್ಲವ್ವನ ಹೆಸರಿಲೆ ಭಂಡಾರ ಹಾರಸೂದು ಪದ್ಧತಿ. ನಾ ಬ್ಯಾಡ ಅಂದೆ. ಬಿಳೀ ಜ್ವಾಳದ ರೊಟ್ಟಿಗೆ ಹಳದಿ ಚುಕ್ಕಿ ಬಿದ್ರ ಉಳವಪ್ಪ ಬುಟ್ಟಿ ಸಮೇತ ತಿರುಗಿ ಕಳಸ್ತಾನ. ಗಾಡಿಗೆ ಒಂದು ಚಿಟಿಕಿ ಸೈತ ತಾಗಬಾರದು ಅಂತ ಕಟ್ಟುನಿಟ್ಟ ಹೇಳಿದೆ. ಅವರು ಪುಡಿಕಿ ಮಡಚಿ ಕಿಸೇದಾಗ ಇಟ್ಟಕೊಂಡು ಹೋದ್ರು.

ಮುಂದ ದಿನಾ ಮುಂಜಾನಿ ಒಂದು ಹೊಸಾ ನಾಟಕ ಸುರು ಆತು. ನಾನು, ರೊಟ್ಟಿ ಬಡಿಯಾಕ ಬರೂ ಲಕ್ಕವ್ವ ಕೂಡಿ ಹಿಂದಿನ ಬಾಗಲಾ ತಗದು ರೊಟ್ಟಿ ಬುಟ್ಟಿ ಏರಸೂಮುಂದ ಇವರು ಗಾಡಿ ಮುಂದ ಬಂದು ನಿಲ್ಲೂದು. ಹೆಗಲ ಮ್ಯಾಲಿನ ಟಾವೆಲ್‍ಲೆ ಮುಂದಿನ ಗ್ಲಾಸು ಒರಸೂದು, ಬಗ್ಗಿ ನೋಡೂದು, ಮತ್ತ ಒರಸೂದು. ನಿನ್ನಿ ಎಲ್ಲೆರ ತಾಗಿಸಿಕೊಂಡು ಬಂದಾಳೇನು ಅಂತ ಗೀರು ಹುಡುಕಾಕ ಹತ್ಯಾರ ಅಂತ ನಾ ತಿಳಕೊಂಡೆ. ಹೊಟ್ಟ್ಯಾಗ ಬೆಂಕಿ ಬಿತ್ತು ನನಗ. ಕೇಳಲಿಲ್ಲ. ಕೇಳಿದ್ರ ನಾ ಸೋತಂಗ ಅಂತ ತಿಳದೆ.

ವಾರಂಟಿ ತಗೊಳ್ಳೂದಿಲ್ಲ ಅನ್ನೂ ಹಠ ನನಗ ಅಲ್ಲೇ ಹುಟ್ಟಿತ್ತು ಅಂದ್ರ ಸುಳ್ಳಲ್ಲ. ಆದ್ರ ನಾ ಅಷ್ಟ ದಡ್ಡಿ ಅಲ್ಲ. ಕಿತ್ತೂರಿಂದ ಬರೂಮುಂದ ಒಂದಿನಾ ಅಂಗಡಿಗೆ ಹೋಗಿ, ಇಂಗ್ಲಿಷಿನ್ಯಾಗಿದ್ದ ಆ ಕಾಗದಾನ ಸಾಲಿಗೆ ಸಾಲು ಕನ್ನಡದಾಗ ಓದಿ ಹೇಳು ತಮ್ಮಾ ಅಂತ ಸಚಿನನ ಮುಂದ ಕುಂತೆ. ಅವನ ಕೂಡ ಜಗಳಾ ಆದದ್ದು ಅವತ್ತ. ಕ್ಲಚ್ಚು ಬರ್ತೈತೇನು ಅಂದೆ, ಸವದು ಹೋಗೂ ಸಾಮಾನು ಬರೂದಿಲ್ರಿ ಅಂದ. ಬ್ರೇಕು? ಅದೂ ಇಲ್ಲ. ಬ್ಯಾಟರಿ, ಟಾಯರು? ಇಲ್ಲ. ಮತ್ತ ಬರೂದರ ಏನು ಅಂದೆ. ಇಂಜಿನ್ನು, ಗೇರ ಬಾಕ್ಸು, ಎಸಿ ಕಂಪ್ರೆಸರು ಅಂದ. ಅದೂ ಅವರು ಹೇಳಿದ ತಾರೀಖಿಗೆ ಅವರು ಹೇಳಿದಲ್ಲೇ ಸರ್ವಿಸ್ ಮಾಡಿಸಿರಬೇಕು. ಕಡೀಕ ಸಣ್ಣ ಅಕ್ಷರದಾಗ ಇನ್ನೊಂದು ಇತ್ತು, ಗಾಡಿ ವ್ಯಾಪಾರಕ್ಕ ಬಳಸಿದ್ರ ಏನೂ ಬರೂದಿಲ್ಲ. ನಾ ದಿನಾ ಆರ್ನೂರು ರೊಟ್ಟಿ ಒಯ್ತೇನಲ್ಲೋ ಅಂದ್ರ, ಮನಿ ಬಳಕಿ ಅಂತ ಬರದ್ರ ಆತ್ರಿ, ಯಾರ ನೋಡ್ತಾರ ಅಂದ. ಅಲ್ಲೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೆ.

ಅದ ವಾರ ಇನ್ನೊಂದು ಕಿರಿಕಿರಿ. ಅಡಗಿಮನ್ಯಾಗಿನ ಅರಿಷಿಣದ ಡಬ್ಬಿ ಖಾಲಿ ಆಗಿತ್ತು. ಅದು ಅಂಗಡ್ಯಾಗಿನ ಬಣ್ಣದ ಪುಡಿ ಅಲ್ಲ, ನಾನ ಕೊಂಬು ತಂದು ಕುಟ್ಟಿಸಿ ಇಟ್ಟದ್ದು, ನಾಕು ತಿಂಗಳಿಗೆ ಬರೂವಂಥಾದ್ದು. ಅಡಗಿಮನ್ಯಾಗ ಓಡಾಡಾಕಿ ಲಕ್ಕವ್ವ ಒಬ್ಬಾಕಿನ. ನಾ ಹಿಂದ ಮುಂದ ನೋಡಲಾರದ, ನೀನ ಒಯ್ದೀದಿ ಅಂತ ಅಕಿಗೆ ಅಂದುಬಿಟ್ಟೆ. ಅಕಿ ನನಗ ಬೆನ್ನ ಮಾಡಿ ಕುಂತಳು. ಎರಡು ದಿನಾ ರೊಟ್ಟಿ ಬಡದ ಬಡದಳು.

ಹದಿನಾಕನೇ ದಿನಾ ಮುಂಜಾನಿಂದ ಜಿಟಿಜಿಟಿ ಮಳಿ. ಸವದತ್ತಿ ದಾಟಿದೆ, ಮುಂದಿನ ಗ್ಲಾಸಿಗೆ ಒಳಗಿಂದ ಮಬ್ಬು ಹಿಡಿಯಾಕ ಹತ್ತಿತು. ಫ್ಯಾನು ಹಾಕಿದೆ. ಗಾಳಿ ಬರಲಿಲ್ಲ, ಒಂದು ಸಪ್ಪಳಾ ಬಂತು, ಗಿರಣ್ಯಾಗ ಕಲ್ಲಿನ ಹಳ್ಳು ಸಿಕ್ಕಂಗ. ಜೋರ ಮಾಡಿದ್ರ ಸಪ್ಪಳಾ ಜೋರ, ಗಾಳಿ ಇಲ್ಲ. ಒಂದು ಕೈ ಸ್ಟೇರಿಂಗ ಮ್ಯಾಲ, ಒಂದು ಕೈಲೆ ಸೆರಗು ಹಿಡಕೊಂಡು ಗ್ಲಾಸು ಒರಸಕೋತ ಹೊಡದೆ. ಎದರಿಗೆ ಕಬ್ಬಿನ ಟ್ರ್ಯಾಕ್ಟರು ಬಂದದ್ದು ಅಗದಿ ಹತ್ತಿರ ಬರೂತನಾ ಕಾಣಲಿಲ್ಲ. ಅವಾಗ ಅಂಜಿದೆ, ಸುಳ್ಳ ಯಾಕ ಹೇಳಲಿ. ನಮ್ಮ ಮನಿಯವರು ಅಂಗಡ್ಯಾಗ ಕೇಳಿದ ಮಾತು ಕಿವ್ಯಾಗ ಬಂದು ಕುಂತಿತು. ಗಾಡಿ ಕೆಟ್ಟು ಕುಂತ್ರ ಉಳವಪ್ಪ ಹೋದ, ನಾಕು ಮಂದಿ ಕೆಲಸಾ ಹೋತು, ವಿರೂಪಾಕ್ಷ ಊರೆಲ್ಲಾ ಹೇಳಕೋತ ಅಡ್ಡಾಡ್ತಾನ. ತೆವಳಕೋತ ಬೈಲಹೊಂಗಲ ಮುಟ್ಟಿ ಸೀದಾ ಸಚಿನನ ಅಂಗಡಿ ಮುಂದ ನಿಲ್ಲಿಸಿದೆ.

ಅವ ಬಾಗಿ ಸಪ್ಪಳಾ ಕೇಳಿದಾ. ಆಮ್ಯಾಲ ಆ ಕಡೆ ಈ ಕಡೆ ನೋಡಿ ದನಿ ಇಳಿಸಿದಾ.

"ಅಕ್ಕಾರ, ಕಂಪ್ರೆಸರು ಹೋಗಾಕ ಹತ್ತೈತಿ ಅನಸ್ತೈತಿ, ಮೂವತ್ತು ಸಾವಿರದ ಕೆಲಸ. ನಾಳಿಗೆ ವಾಯಿದೆ ಮುಗೀತೈತಿ. ಈಗ ಸಹಿ ಮಾಡ್ರಿ, ಒಂದ ತಿಂಗಳ ಸುಮ್ಮನಿದ್ದು ಆಮ್ಯಾಲ ಹೇಳ್ರಿ. ನಾನೂ ಏನೂ ಕೇಳಿಲ್ಲ."

ಪೆನ್ನು ಕೈಗೆ ತಗೊಂಡೆ. ಖರೇನ ತಗೊಂಡೆ. ಕಾಗದದಾಗ ಎರಡು ಕಡೆ ಅವನ ಟಿಕ್ ಹಾಕಿ ಇಟ್ಟಿದ್ದ, ಒಂದು ಮನಿ ಬಳಕಿ ಅಂತ, ಇನ್ನೊಂದು ಸದ್ಯ ಗಾಡ್ಯಾಗ ಯಾವ ದೋಷಾನೂ ಇಲ್ಲ ಅಂತ. ಎರಡು ಸುಳ್ಳಿನ ಕೆಳಗ ನನ್ನ ಹೆಸರು. ನಾಳೆ ಗಾಡಿ ಬಿಚ್ಚಿದಾಗ ಸುಳ್ಳು ಗೊತ್ತಾದ್ರ ಹದಿನೆಂಟೂ ಹೋತು, ಮೂವತ್ತೂ ಹೋತು, ಮ್ಯಾಲ ಕಳ್ಳಿ ಅನ್ನಿಸಿಕೊಳ್ಳೂದು ಬ್ಯಾರೆ. ಒಂದ ತಿಂಗಳ ಹಿಂಗ ಸೆರಗಿಲೆ ಗ್ಲಾಸು ಒರಸಕೋತ ಹೊಡೀಬೇಕೇನು ಅಂತ ಕೇಳಿದೆ. ಅವ ಕಾಗದಾ ಇನ್ನೊಂದು ಸೊಲ್ಪ ನನ್ನ ಕಡೆ ಸರಿಸಿದಾ. ಮೊದಲ ಏನಾಗೈತಿ ತಿಳಕೊಂಡು ಬರ್ತೇನಿ ಅಂತ ಪೆನ್ನು ಇಟ್ಟು ಎದ್ದೆ.

ಬಜಾರದ ಹಿಂದ ಮಡಿವಾಳೆಪ್ಪಂದು ಗ್ಯಾರೇಜು. ಅರವತ್ತು ದಾಟಿದ ಮನಶಾ, ಕನ್ನಡಕಕ್ಕ ದಾರಾ ಕಟ್ಟಿಕೊಂಡಿದ್ದ. ಫ್ಯಾನು ಹಚ್ರಿ, ಬಂದ ಮಾಡ್ರಿ, ಮತ್ತ ಹಚ್ರಿ ಅಂದ. ಇಂಜಿನ್ನಿನ ಕಡೆ ಹೊಳ್ಳಿ ಸೈತ ನೋಡಲಿಲ್ಲ. ಬಾಜು ಸೀಟಿನ ಮುಂದಿನ ಖಾನೆ ಕಳಚಿ ಒಳಗ ಕೈ ಹಾಕಿ ಒಂದು ಚೌಕ ಜಾಳಿಗಿ ಎಳದು ತಗದಾ. ಹೊರಗಿನ ಗಾಳಿ ಸೋಸಿ ಒಳಗ ಬಿಡೂ ಫಿಲ್ಟರಂತ. ಅದು ತೊಯ್ದು, ಗಟ್ಟ್ಯಾಗಿ, ಹಳದಿ ಹಿಟ್ಟಿನ ಉಂಡಿ ಆಗಿತ್ತು. ಫ್ಯಾನಿನ ಎಲಿಗೂ ಹಳದಿ ಮೆತ್ತಿತ್ತು.

"ಅಕ್ಕಾರ, ನಿಮ್ಮ ಗಾಡಿಗೆ ಏನೂ ಆಗಿಲ್ರಿ. ಯಾರೋ ದಿನಾ ಗ್ಲಾಸಿನ ಬುಡಕ್ಕ ಭಂಡಾರ ಹಾಕ್ಯಾರ. ಅಲ್ಲಿಂದ ಗಾಳಿ ಎಳಕೋತೈತಿ, ಅದನ್ನೂ ಎಳಕೊಂಡೈತಿ."

ಒಂದು ಉಂಡಿ ಮುರದು ಮೂಗಿಗೆ ಹಿಡಕೊಂಡೆ. ಭಂಡಾರ ಅಲ್ಲ ಅದು. ನಾ ಕುಟ್ಟಿಸಿದ ಅರಿಷಿಣ. ಗಿರಾಕಿಗೆ ಮಾರೂ ಬಣ್ಣದ ಪುಡಿ ಬಿಟ್ಟು, ಅಡಗಿಮನ್ಯಾಗಿಂದು ಕದ್ದು ತಂದು ಹಾಕ್ಯಾರ ಪುಣ್ಯಾತ್ಮರು. ಮುಂಜಾನಿ ಆ ಟಾವೆಲು, ಆ ಬಗ್ಗಿ ನೋಡೂದು, ಎಲ್ಲಾ ಒಮ್ಮೆಲೆ ತಿಳೀತು. ನಾ ಗೀರು ಹುಡುಕ್ತಾರ ಅಂತ ತಿಳಕೊಂಡಿದ್ದೆ. ಗ್ಯಾರೇಜಿನ ಕಟ್ಟಿ ಮ್ಯಾಲ ಕುಂತು ನಗಾಕ ಹತ್ತಿದೆ, ನಕ್ಕೋತ ನಕ್ಕೋತ ಕಣ್ಣಾಗ ನೀರು ಬಂದ್ವು. ಎದಿ ಮ್ಯಾಲ ಇಟ್ಟಿದ್ದ ಬೀಸೂಕಲ್ಲು ಯಾರೋ ಎತ್ತಿದಂಗ ಆತು. ಮಡಿವಾಳೆಪ್ಪ ಹೊಸಾ ಫಿಲ್ಟರು ಹಾಕಿ, ಫ್ಯಾನು ತೊಳದು, ಇಂಜಿನ್ನೂ ಒಮ್ಮಿ ನೋಡಿ, ಒಳ್ಳೆ ಗಾಡಿ ತಗೊಂಡೀರಿ, ತಿಂಗಳಿಗೊಮ್ಮಿ ತೋರಿಸ್ರಿ ಸಾಕು ಅಂದ. ತಗೊಂಡದ್ದು ಏಳ್ನೂರು ರೂಪಾಯಿ. ಹನ್ನೊಂದಕ್ಕ ಐದು ಮಿನಿಟು ಇರೂಹೊತ್ತಿಗೆ ಕಿತ್ತೂರು ಮುಟ್ಟಿದೆ, ಒಂದ ರೊಟ್ಟಿ ಮುರದಿರಲಿಲ್ಲ. ದಾರ್ಯಾಗಿಂದ ಸಚಿನಗ ಫೋನ್ ಮಾಡಿ, ವಾರಂಟಿ ಬ್ಯಾಡ ತಮ್ಮಾ, ನಿನ್ನ ಮ್ಯಾಲ ಸಿಟ್ಟೂ ಇಲ್ಲ ಅಂದೆ.

ಮನಿಗೆ ಬಂದು ಮೊದಲ ಲಕ್ಕವ್ವನ ಕೈ ಹಿಡಕೊಂಡು ತಪ್ಪಾತು ಅಂದೆ. ಅಕಿ, ಅಷ್ಟ ಅರಿಷಿಣ ಒಯ್ದು ನಾ ಏನ ಮಾಡ್ಲಿ ಯಕ್ಕಾ, ನನಗೇನು ಲಗ್ನಾ ಐತೇನು ಅಂತ ಮುಖಾ ತಿರುವಿ ನಕ್ಕಳು. ಆಮ್ಯಾಲ ಅಂಗಡಿಗೆ ಹೋಗಿ ಆ ಉಂಡಿ ನಮ್ಮ ಮನಿಯವರ ಮುಂದ ಇಟ್ಟೆ. ಅವರು ಅದನ್ನ ನೋಡಿದ್ರು, ನನ್ನ ನೋಡಿದ್ರು, ಗಾಡಿ ಕೆಟ್ಟಿತೇನು ಅಂದ್ರು. ಕೆಟ್ಟಿಲ್ಲ ಅಂದೆ. ಹಂಗ ಸ್ಟೂಲ ಮ್ಯಾಲ ಕುಂತುಬಿಟ್ರು.

"ವಾರಂಟ್ಯಾಗ ನೀ ಬರೂದಿಲ್ಲ ಅಂದ್ರಲ್ಲ," ಅಂದ್ರು. "ನೀ ಹೋಗಿ ಹೊಳ್ಳಿ ಬರೂತನಾ ನನ್ನ ಜೀವ ಕೈಯಾಗ ಇರ್ತೈತಿ. ಮತ್ತೇನ ಮಾಡ್ಲಿ ನಾ?"

ಬೈಬೇಕು ಅಂತ ಹೋದಾಕಿ ನಾ. ಆ ಉಂಡಿ ತಿರುಗಿ ತಗೊಂಡು ಸೆರಗಿನ ತುದ್ಯಾಗ ಕಟ್ಟಿಕೊಂಡೆ. ಗೀರು ಹುಡುಕ್ತಾರ ಅಂತ ಈ ಮನಶಾನ್ನ ಹದಿನಾಕು ದಿನಾ ಮನಸ್ಸಿನ್ಯಾಗ ಬೈದಿದ್ದೆನಲ್ಲ.

ಮರುದಿನ ಬುಟ್ಟಿ ಏರಿಸಿದ ಮ್ಯಾಲ ಬಾಜು ಬಾಗಲಾ ತಗದು, ಅಂಗಡಿ ಇವತ್ತ ಮಧ್ಯಾಹ್ನ ತಗೀರಂತ, ಹತ್ರಿ ಅಂದೆ. ಟಾವೆಲು ಹೆಗಲಿಗೆ ಹಾಕ್ಕೊಂಡು ಹತ್ತಿದ್ರು. ಕಿಸೇದಿಂದ ಪುಡಿಕಿ ತಗದು ಗ್ಲಾಸಿನ ಕಡೆ ಕೈ ಒಯ್ದವರು, ನನ್ನ ಮಾರಿ ನೋಡಿ ತಡದ್ರು. ಗಾಡಿಗೆ ಬ್ಯಾಡ, ನನಗ ಹಚ್ಚರಿ ಅಂತ ಹಣಿ ಮುಂದ ಮಾಡಿದೆ. ಬೆರಳಿಲೆ ಒಂದು ಚಿಟಿಕಿ ಹಚ್ಚಿದ್ರು.

ಸವದತ್ತಿತನಾ ಮ್ಯಾಲಿನ ಹಿಡಿಕಿ ಹಿಡಕೊಂಡಿದ್ರು. ಊರು ದಾಟಿದ ಮ್ಯಾಲ ಒಂದು ಕೈ ಬಿಟ್ರು. ಸೊಲ್ಪ ಹೊತ್ತಿಗೆ ನೋಡ್ತೇನಿ, ಕುತಗಿ ವಾರಿ ಮಾಡಿ, ಬಾಯಿ ತಗದು ನಿದ್ದಿ ಹತ್ತಿತ್ತು ಅವರಿಗೆ. ಹದಿನೈದು ದಿನದ ನಿದ್ದಿ ಅದು. ಬೈಲಹೊಂಗಲತನಾ ಗುಂಡಿ ಬಂದಲ್ಲೆಲ್ಲಾ ನಾ ಗಾಡಿ ನಿಧಾನ ಮಾಡಿದೆ. ಅದು ಹಿಂದಿನ ರೊಟ್ಟಿ ಸಲುವಾಗಿ ಆಗಿರಲಿಲ್ಲ.