ಬಲಗಡೆಯ ಸಿಂಹ

ಸದ್ದು ಕೇಳಿ ಅಕ್ಕಯ್ಯಮ್ಮ ಮಹಡಿಯಿಂದ ಓಡಿ ಬರುವಷ್ಟರಲ್ಲಿ ಕೆಳಗಿನ ತಮ್ಮ ಜವಳಿ ಅಂಗಡಿಯ ಮುಂದೆ ಜನ ಮುತ್ತಿಬಿಟ್ಟಿದ್ದರು. ಕಟ್ಟಡದ ನೆತ್ತಿಯ ಮೇಲೆ ಕೂತಿದ್ದ ಎರಡು ಗಾರೆಯ ಸಿಂಹಗಳಲ್ಲಿ ಎಡಗಡೆಯದು ಜಗಲಿಗೆ ಬಿದ್ದು ಪುಡಿಯಾಗಿತ್ತು. ಅದರಡಿ, ದಿನವೂ ಅಲ್ಲೇ ಕೂತು ತರಕಾರಿ ಮಾರುವ ಮಾರಿಯಮ್ಮನ ಬದನೆಕಾಯಿ ಬುಟ್ಟಿ ಅಪ್ಪಚ್ಚಿ. ಆಕೆ ನೀರು ಕುಡಿಯಲು ಬೀದಿ ನಲ್ಲಿಯ ಹತ್ತಿರ ಹೋಗಿದ್ದಳು, ಉಳಿದುಕೊಂಡಳು.

“ಏರ್ ಬ್ಲಾಸ್ಟು” ಎಂದರು ಯಾರೋ. ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಆಂಡರ್ಸನ್‌ಪೇಟೆಯ ಅಡುಗೆಮನೆಗಳಲ್ಲಿ ಪಾತ್ರೆ ಅಲುಗುವುದು ಹೊಸದೇನಲ್ಲ. ಗಣಿಯೊಳಗೆ ಯಾರಿಗೂ ಏನೂ ಆಗಲಿಲ್ಲವೆಂದು ಸಂಜೆಗೆ ತಿಳಿಯಿತು.

ಅಲುಗುವ ನೆಲದ ಮೇಲೆ ಅಷ್ಟೊಂದು ಭಾರ ಏರಿಸಬೇಡವೆಂದು ಕಟ್ಟುವಾಗಲೇ ಊರೆಲ್ಲ ಹೇಳಿತ್ತು. ಅಕ್ಕಯ್ಯಮ್ಮನ ಗಂಡ ಕೋದಂಡಪ್ಪ ಕೇಳಿರಲಿಲ್ಲ. ಬೆಂಗಳೂರು ದಂಡಿನಲ್ಲಿ ಕಂಡ ಜವಳಿ ಅಂಗಡಿಗಳ ಹಾಗೆಯೇ ಕಮಾನು, ಬಳ್ಳಿ, ಗಿಳಿ, ಎಲ್ಲವೂ ಬೇಕೆಂದ. ಗಾರೆ ಕೆಲಸದ ಆರುಮುಗಂ ಹುಟ್ಟಿದ ಮೇಲೆ ಸಿಂಹವನ್ನೇ ನೋಡಿದವನಲ್ಲ. ಬಿಸ್ಕತ್ತು ಡಬ್ಬಿಯ ಚಿತ್ರ ನೋಡಿ ಮುಖ ತಿದ್ದಿದ; ಬಾಲ ಮಾತ್ರ ಎಮ್ಮೆಯದಾಯಿತು. ಆದರೂ ಬೌರಿಂಗ್‌ಪೇಟೆಯಿಂದ ರೈಲಿನಲ್ಲಿ ಬಂದವರು ಕೂಡ “ಸಿಮ್ಮದಂಗಡಿ ಎಲ್ಲೈತೆ?” ಎಂದೇ ಕೇಳತೊಡಗಿದರು.

ಮರುದಿನ ಮಾರಿಯಮ್ಮ ಬೇರೊಂದು ಬುಟ್ಟಿ ತಂದು ಬಲಗಡೆಯ ಸಿಂಹದ ಕೆಳಗೆ ಕೂತಳು. ಅಕ್ಕಯ್ಯಮ್ಮ ಗಾಬರಿಯಿಂದ ಬಾಗಿಲಿಗೆ ಬಂದಳು.

“ಏಳು ಮಾರಿಯಮ್ಮಾ! ಅದೂ ಬಿರುಕು ಬಿಟ್ಟೈತೆ, ಕಾಣಾಕಿಲ್ವಾ?”

“ಕಾಣ್ತದಮ್ಮಾ. ನೆಳ್ಳು ಇರೋದು ಇಲ್ಲೇ ಅಲ್ವಾ?” ಮಾರಿಯಮ್ಮ ನಕ್ಕಳು. “ನನ್ನ ಮಗ ಪೆರುಮಾಳು ಗಣೀಲಿ ದಿನಾ ಭೂಮೀನೇ ತಲೇ ಮ್ಯಾಲಿಟ್ಕೊಂಡು ಕೆಲ್ಸ ಮಾಡ್ತಾನೆ. ನಂಗೆ ಒಂದು ಸಿಮ್ಮ ತಾನೆ, ಬಿಡಮ್ಮಾ.”

ಅಕ್ಕಯ್ಯಮ್ಮನಿಗೆ ನಗು ಬರಲಿಲ್ಲ. ಮಧ್ಯಾಹ್ನ ಗಂಡನಿಗೆ ಮುದ್ದೆ ಬಡಿಸುತ್ತ ಹೇಳಿದಳು: “ಅದನ್ನೂ ಇಳಿಸ್ಬಿಡಿ.”

“ಇಳಿಸೋದಾ? ಎಡಗಡೇದನ್ನೂ ಮತ್ತೆ ಕಟ್ಟು ಅಂತ ಆರುಮುಗಂಗೆ ಯೋಳಿದ್ದೀನಿ. ಸಿಮ್ಮ ಇಲ್ದಿದ್ರೆ ಜನ ಏನಂತ ಕೇಳ್ಕೊಂಡು ಬತ್ತಾರೆ?”

“ಕೋದಂಡಪ್ಪನ ಅಂಗಡಿ ಅಂತ.”

ಆತ ಕೈ ತಡೆದ. “ಕೋದಂಡಪ್ಪ ಅನ್ನೋನೊಬ್ಬ ಗಂಟು ಒತ್ಕೊಂಡು ಕೂಲಿ ಲೈನುಗಳಲ್ಲಿ ಬಟ್ಟೆ ಮಾರ್ತಿದ್ನಲ್ಲ, ಅವನ್ನ ಯಾರು ಕೇಳ್ತಿದ್ರು?”

ಆ ಗಂಟಿನ ಭಾರಕ್ಕೆ ಊದಿಕೊಂಡ ಕುತ್ತಿಗೆಗೆ ಹರಳೆಣ್ಣೆ ತಿಕ್ಕಿದವಳು ಅವಳೇ. ಎಲೆ ತೆಗೆದಳು, ಗೋಮಯ ಹಚ್ಚಿದಳು. ಆಮೇಲೆ ಸೆರಗು ಹೊದ್ದು ಕೆಳಗಿಳಿದು, ಜಗಲಿಯ ಮೇಲೆ ಮಾರಿಯಮ್ಮನ ಪಕ್ಕದಲ್ಲಿ ಕೂತುಬಿಟ್ಟಳು. ಸೀರೆ ಕೊಳ್ಳಲು ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಸಾಹುಕಾರನ ಹೆಂಡತಿ ಬೀದಿ ಜಗಲಿಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಕೋದಂಡಪ್ಪ ಹೊರಗೆ ಬಂದ. “ಏನೇ ಇದು? ಒಳಿಕ್ ಬಾ.”

“ಇಲ್ಲಿ ನೆಳ್ಳು ಚೆನ್ನಾಗೈತೆ.”

ಮಾರಿಯಮ್ಮ ಗಲಿಬಿಲಿಗೊಂಡು ಬುಟ್ಟಿಯನ್ನು ಅತ್ತ ಸರಿಸಿದಳು; ಅಕ್ಕಯ್ಯಮ್ಮ ಅದನ್ನು ಮತ್ತೆ ಇತ್ತ ಎಳೆದಳು. ಕೋದಂಡಪ್ಪ ಹಲ್ಲು ಕಚ್ಚಿ ಒಳಗೆ ಹೋಗಿ, ಬೇಕಿಲ್ಲದ ಬಟ್ಟೆಯನ್ನೆಲ್ಲ ಅಳೆಯುತ್ತ ಕೂತ.

ಬಿಸಿಲು ವಾಲುವ ಹೊತ್ತಿಗೆ ನೆಲ ಒಮ್ಮೆ ನಡುಗಿತು. ದೊಡ್ಡದೇನಲ್ಲ, ಊರಿಗೆ ರೂಢಿಯಾದದ್ದೇ. ಮಾರಿಯಮ್ಮ ತಲೆ ಕೂಡ ಎತ್ತಲಿಲ್ಲ. ಅಕ್ಕಯ್ಯಮ್ಮ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತೆರೆದಾಗ ಬರಿಗಾಲಿನಲ್ಲಿ ಓಡಿ ಬಂದ ಗಂಡ, ಕೈಯಲ್ಲಿದ್ದ ಗಜಕೋಲನ್ನು ಅವರಿಬ್ಬರ ತಲೆಯ ಮೇಲೆ ಅಡ್ಡ ಹಿಡಿದು ನಿಂತಿದ್ದ. ಅಷ್ಟು ದೊಡ್ಡ ಸಿಂಹಕ್ಕೆ ಅಷ್ಟು ಸಣ್ಣ ಕೋಲು.

ಆತನಿಗೂ ಅದು ತಿಳಿದಿರಬೇಕು. ಮೆಲ್ಲಗೆ ಕೈ ಇಳಿಸಿದ. ಮೇಲೆ ನೋಡಿದ. ಬಿರುಕು ಸಿಂಹದ ಎದೆಯವರೆಗೆ ಬಂದಿತ್ತು.

“ಇವತ್ತೇ ಇಳಿಸ್ತೀನಿ. ಈಗಾದ್ರೂ ಏಳೇ” ಎಂದು, ಚಪ್ಪಲಿ ಹುಡುಕದೆ ಆರುಮುಗಂನ ಮನೆಯ ಕಡೆ ನಡೆದ.

ಆರುಮುಗಂ ಸಾರುವೆ ಕಟ್ಟಿ ಹತ್ತಿ, ಸಿಂಹದ ಬೆನ್ನು ಸವರಿದ. “ಅಣ್ಣಾ, ಏರಿಸಿದ್ದೂ ನಾನೇ, ಇಳಿಸೋದೂ ನಾನೇನಾ?”

“ಬೇರೆಯೋರು ಮುಟ್ಟೋದು ಬ್ಯಾಡಪ್ಪ” ಎಂದು ಕೋದಂಡಪ್ಪ ತಾನೇ ಹಗ್ಗ ಹಿಡಿದ.

ಉಳಿ ತಾಗಿದೊಡನೆ ಸುಣ್ಣದ ದೂಳು ಮೋಡದಂತೆ ಎದ್ದು ಬೀದಿಯಗಲಕ್ಕೂ ಇಳಿಯಿತು. ಜಗಲಿಯಿಂದೆದ್ದು ಎದುರುಗಡೆ ಹೋಗಿ ಕೂತಿದ್ದ ಹೆಂಗಸರಿಬ್ಬರ ಕೂದಲು, ರೆಪ್ಪೆ, ಬುಟ್ಟಿಯ ಕಾಯಿ, ಎಲ್ಲ ಬೆಳ್ಳಗಾದವು. ಮಾರಿಯಮ್ಮ ಚೊಂಬಿನಲ್ಲಿ ನೀರು ತಂದು ಚಿಮುಕಿಸಿದಳು. ಅಕ್ಕಯ್ಯಮ್ಮ ಒಂದೊಂದೇ ಬದನೆಕಾಯಿ ಎತ್ತಿ ಸೆರಗಿನಿಂದ ಒರೆಸಿ ಇಡತೊಡಗಿದಳು. ಕಪ್ಪುನೇರಳೆ ಬಣ್ಣ ಮತ್ತೆ ಮಿಂಚುತ್ತ ಮೇಲೆ ಬಂತು.