ಕಲ್ಲುಗುಪ್ಪೆಯ ಒಂದು ಮೂಲೆ

ನಮ್ಮ ಮನೆಯ ಮೇಲಿನ ಬೋಳು ಬೆಟ್ಟದಲ್ಲಿ ಒಂದು ಕಲ್ಲುಗುಪ್ಪೆ ಇದೆ. ಮೂರು ಸಾವಿರ ವರ್ಷದ ಹಿಂದೆ ಯಾರನ್ನೋ ಹೂತು ಮೇಲೆ ಕಲ್ಲು ಸುರಿದದ್ದಂತೆ. ಅದನ್ನು ಅಗೆಯಲು ಬಂದ ಮೇಡಂ, ಕಲ್ಲೆತ್ತಲು ನಮ್ಮ ಯಜಮಾನರನ್ನು ಕರೆದರು. ಐವತ್ತು ವರ್ಷ ಹೊಲದ ಸುತ್ತ ಗೋಡೆ ಕಟ್ಟಿದ ಮೇಸ್ತ್ರಿ. ಯಾವತ್ತೂ ಕೆಲಸ ಬೇಡವೆನ್ನದವರು ಬೆನ್ನುನೋವು ಎಂದರು. ಆ ಬೆನ್ನು ಹಿಂದಿನ ದಿನವಷ್ಟೇ ಮಂಚವನ್ನು ಅಟ್ಟಕ್ಕೆ ಏರಿಸಿತ್ತು.

ಅಗೆಯುವವರಿಗೆ ಚಹಾ ಒಯ್ಯುತ್ತಿದ್ದವಳು ನಾನು. ಮೂರನೇ ದಿನ ಮೇಡಂ ಕರೆದರು.

"ಅಮ್ಮ, ಇಲ್ಲಿ ನೋಡಿ. ಎಲ್ಲಾ ಕಡೆ ಕಲ್ಲು ಸುರಿದಿದ್ದಾರೆ, ಈ ಮೂಲೇಲಿ ಮಾತ್ರ ಯಾರೋ ಕಟ್ಟಿದ್ದಾರೆ. ಇದು ಹಳೇದಲ್ಲ. ನಾಳೆ ಬಿಚ್ಚಿ ನೋಡ್ತೀವಿ."

ಎರಡು ಕಲ್ಲಿನ ಸಂದಿಯ ಮೇಲೆ ಮೂರನೆಯದು, ಹಿಂದೆ ಅಲುಗದಂತೆ ಸಿಕ್ಕಿಸಿದ ಕಲ್ಲಿನ ಚಕ್ಕೆ. ನಮ್ಮ ಹಿತ್ತಿಲ ಗೋಡೆಯೂ ಹಾಗೇ ಇದೆ. ಗುಟ್ಟು ಮುಚ್ಚುವವರು ಕಲ್ಲನ್ನು ಸುಮ್ಮನೆ ಗುಡ್ಡೆ ಹಾಕಿದ್ದರೆ ಸಾಕಿತ್ತು. ಮೇಸ್ತ್ರಿಯ ಕೈ ಕೇಳಬೇಕಲ್ಲ.

ನಲವತ್ತೊಂದು ವರ್ಷದ ಹಿಂದೆ ನನ್ನ ಮಗು ಸತ್ತೇ ಹುಟ್ಟಿತು. ಜ್ವರ ಇಳಿದು ನನಗೆ ಎಚ್ಚರವಾಗುವಷ್ಟರಲ್ಲಿ ಇವರು ಅದನ್ನು ಎಲ್ಲೋ ಇಟ್ಟು ಬಂದಿದ್ದರು. ಒಂದು ಸಲ ಹೋಗಿ ಪಕ್ಕದಲ್ಲಿ ಕೂತು ಬರುತ್ತೇನೆ, ಜಾಗ ಹೇಳಿ ಎಂದು ನಾನು ಬೇಡಿಕೊಳ್ಳದ ವರ್ಷವಿಲ್ಲ. "ಮರೆತುಬಿಡು" ಎನ್ನುತ್ತಿದ್ದರು.

ಓಡಿ ಮನೆಗೆ ಬಂದೆ. "ರೀ, ಬೆನ್ನುನೋವು ಸಾಕು, ಏಳಿ. ನಾಳೆ ಆ ಮೂಲೆ ಬಿಚ್ತಾರೆ. ಸಿಕ್ಕಿದ್ದನ್ನ ಪೆಟ್ಟಿಗೆಗೆ ಹಾಕ್ಕೊಂಡು ಹೋಗ್ತಾರೆ."

ಹಾಸಿಗೆಯಿಂದ ಎದ್ದು ಕೂತರು.

"ಬೇಸಿಗೆ ಬಿಸಿಲಿಗೆ ನೆಲ ಕಲ್ಲಾಗಿತ್ತು ಕಣೇ. ಗುದ್ದಲಿ ಇಳೀಲಿಲ್ಲ, ನರಿ ಕಾಟ ಬೇರೆ. ಅಲ್ಲಾದ್ರೆ ಆಗಲೇ ಯಾರೋ ಇದ್ರಲ್ಲ, ಒಂಟಿ ಆಗಲ್ಲ ಅಂದ್ಕೊಂಡೆ."

"ನನಗೆ ಹೇಳೋಕೆ ಬಾಯಿಗೇನು ಬೀಗ ಹಾಕಿತ್ತಾ?"

"ಹೇಳಿದ್ರೆ ನೀನು ಅಲ್ಲಿಂದ ಕೆಳಗೇ ಬರ್ತಿರಲಿಲ್ಲ."

ಅದು ಸುಳ್ಳಲ್ಲ.

ಬೆಳಿಗ್ಗೆ ಮೇಡಂಗೆ ಎಲ್ಲ ಹೇಳಿದೆವು. ಅವರು ಕೈಯಲ್ಲಿದ್ದ ಕರಣೆ ಕೆಳಗಿಟ್ಟು, ನೀವೇ ತೆಗೆಯಿರಿ ಎಂದರು. ಯಜಮಾನರು ಒಂದೊಂದೇ ಕಲ್ಲು ಇಳಿಸಿದರು. ಅಡಿಯಲ್ಲಿ ಬರೀ ಕಪ್ಪು ಮಣ್ಣು. ಒಂದು ಎಲುಬಿಲ್ಲ, ಸುತ್ತಿದ ಬಟ್ಟೆಯ ಎಳೆಯಿಲ್ಲ.

"ಇಲ್ಲಿನ ಮಣ್ಣು ಹುಳಿ, ಅಮ್ಮ," ಮೇಡಂ ಮೆಲ್ಲಗೆ ಹೇಳಿದರು. "ಏನನ್ನೂ ಉಳಿಸಲ್ಲ." ತಮ್ಮವರನ್ನೆಲ್ಲ ಕರೆದುಕೊಂಡು ದೂರ ಹೋದರು.

ನಾನು ಆ ಮಣ್ಣಿನ ಪಕ್ಕ ಕೂತೆ.

"ಗಂಡೋ, ಹೆಣ್ಣೋ?"

"ಹೆಣ್ಣು. ತಲೆ ತುಂಬ ಕೂದಲಿತ್ತು."

ಗಾಳಿ ಜೋರಾಯಿತು. ಅವರು ಎದ್ದು ಬಂದು, ಅದು ಬೀಸಿ ಬರುವ ಕಡೆ ನನಗೆ ಅಡ್ಡವಾಗಿ ನಿಂತರು. ಕೆಳಗೆ ಹೋಗೋಣ ಎಂದು ಮಾತ್ರ ಅನ್ನಲಿಲ್ಲ.